ಹಾವಾಫೀಸಿನ ಸಣ್ಣಮಲ್ಲ

ಹ್ಞೂಂಗುಟ್ಟೋರು ಯಾರಿದ್ದೀರಪ್ಪ? ನೀವಾ? ಸರಿ, ಹತ್ತಿರ ಬನ್ನಿ. ಆಕಳಿಸೋರು ಎದ್ದು ಆ ಕಡೆ ಹೋಗಿ, ನನಗೆ ಆಕಳಿಕೆ ಕಂಡ್ರೆ ಆಗಲ್ಲ.

ಹರಳುಕೋಟೆ ಅಂತ ಒಂದೂರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ. ಅವಳಿಗೆ ಸಣ್ಣಮಲ್ಲ ಅಂತ ಒಬ್ಬನೇ ಮಗ. ಹೆಸರಿಗೆ ಸಣ್ಣಮಲ್ಲ, ಆಳು ಮಾತ್ರ ಬಾಗಿಲು ತುಂಬ. ಮೀಸೆ ಬಂತು, ಮದುವೆ ವಯಸ್ಸು ಬಂತು, ಬುದ್ಧಿ ಒಂದು ದಾರೀಲಿ ಎಲ್ಲೋ ಕೂತುಬಿಡ್ತು. "ಹಾಲು ಉಕ್ಕುತ್ತೆ, ನೋಡ್ತಿರೋ" ಅಂದ್ರೆ, ಉಕ್ಕಿ ಒಲೆ ಆರೋವರೆಗೂ ನೋಡ್ತಿದ್ದ. "ಚೆನ್ನಾಗಿ ಉಕ್ಕಿತು ಕಣವ್ವ" ಅಂತ ವರದೀನೂ ಕೊಡ್ತಿದ್ದ. ನಿಂಗಾಜಮ್ಮ ಹಣೆ ಹಣೆ ಚಚ್ಕೊಳ್ಳೋಳು.

ಪಕ್ಕದ ಬೀದೀಲಿ ಸೈಕಲ್ ಶಾಪಿನ ತಿಬ್ಬಯ್ಯ. ಅವನ ಮಗಳು ಚಿಕ್ಕತಾಯಿ, ಮಾತಲ್ಲಿ ಚೂಟಿ. ಅವಳಿಗೆ ಈ ಸಣ್ಣಮಲ್ಲನ ಮೇಲೆ ಮನಸ್ಸು. ಸುಳ್ಳು ಹೇಳೋಕೇ ಬರದ ಗಂಡು ಎಲ್ಲಿ ಸಿಗುತ್ತೆ ಅಂತ ಅವಳ ಲೆಕ್ಕಾಚಾರ. ತಿಬ್ಬಯ್ಯ ಬಿಡ್ತಾನಾ? "ನೋಡು ನಿಂಗಾಜಮ್ಮ, ನಿನ್ನ ಮಗ ಯುಗಾದಿವರೆಗೂ ಒಂದು ಕೆಲಸದಲ್ಲಿ ನಿಲ್ಲಲಿ. ನಿಂತ್ರೆ ಹೆಣ್ಣು ಕೊಟ್ಟೆ. ಓಡಿಸಿದ್ರೆ ಇಲ್ಲ!" ಅಂದ.

ನಿಂಗಾಜಮ್ಮ ನೆಟ್ಟಗೆ ಬೋರಲಿಂಗಯ್ಯನ ಹತ್ತಿರ ಹೋದಳು. ಯಾರು ಈ ಬೋರಲಿಂಗಯ್ಯ? ಪುರಸಭೆ ಹಿಂದುಗಡೆ ಒಂದು ಕೋಣೆ. ಯಾರ ಮನೇಲಿ ಹಾವು ಬರಲಿ, ಉಡ ಬರಲಿ, ಅಲ್ಲಿಗೆ ಫೋನು. ಅಲ್ಲಿಂದ ಆಳು ಹೋಗಿ, ಹಿಡಿದು, ಚೀಲಕ್ಕೆ ಹಾಕಿ, ಜೋಪಾನವಾಗಿ ಬಿಟ್ಟು ಬರ್ಬೇಕು. ಊರೋರು ಅದನ್ನ ಹಾವಾಫೀಸು ಅಂತಿದ್ರು. ಅದಕ್ಕೆ ಯಜಮಾನ ಬೋರಲಿಂಗಯ್ಯ. ಅವನ ಕೈಕೆಳಗೆ ಬಂದೋರೆಲ್ಲ ಮೊದಲನೇ ಬುಸ್‌ಗೇ ಕೆಲಸ ಬಿಟ್ಟು ಓಡಿದ್ರು.

"ನಿನ್ನ ಮಗನಿಗೆ ಹೆದರಿಕೆ ಇದೆಯೇನಮ್ಮ?"

"ಹೆದರೋಕೂ ಬುದ್ಧಿ ಬೇಕಲ್ಲ ಸಾಮಿ!"

"ಹಂಗಾದ್ರೆ ಕಳಿಸು. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅದೇ ನಮ್ಮ ಕೆಲಸ. ಎಡವಟ್ಟು ಮಾಡ್ಕೊಂಡ್ರೆ ಮಾತ್ರ ಮನೆಗೆ ಅಟ್ಟಿಬಿಡ್ತೀನಿ."

ಮಾರನೇ ದಿನವೇ ಫೋನು ಬಂತು. ವಕೀಲರ ಮನೆ ಬೀರುವಿನಲ್ಲಿ ಕರೀ ನಾಗರ! ಸಣ್ಣಮಲ್ಲ ಚೀಲ ಹೆಗಲಿಗೆ ಹಾಕ್ಕೊಂಡು ಹೋದ. ಬೀರು ತೆಗೆದ. ಕರ್ರಗೆ, ಉದ್ದಕ್ಕೆ, ಸುತ್ತಿಕೊಂಡು ಮಲಗಿದೆ! ಗಬಕ್ಕನೆ ಹಿಡಿದ, ಚೀಲಕ್ಕೆ ತುರುಕಿದ, ಊರಾಚೆ ಹುತ್ತದ ಹತ್ತಿರ ಬಿಟ್ಟು, "ಹೋಗಪ್ಪ, ನಿನ್ನ ಪಾಡಿಗೆ ನೀನು ಹೋಗು" ಅಂದ. ಅದು ಎಲ್ಲಿಗೆ ಹೋಗುತ್ತೆ? ಅದು ವಕೀಲರ ಹೆಂಡ್ತಿ ಚೌರಿ! ಕುಚ್ಚು ಸಮೇತ! ಆಯಮ್ಮ ನಾದಿನಿ ಮದುವೆಗೆ ಮೋಟು ಜಡೇಲೇ ಹೋಗ್ಬೇಕಾಯ್ತು.

ಬೋರಲಿಂಗಯ್ಯ ಬಾಯಿಗೆ ಬಂದಂಗೆ ಬೈದ. ಮನೇಲಿ ನಿಂಗಾಜಮ್ಮನೂ ಬಿಡ್ಲಿಲ್ಲ.

"ಅಯ್ಯೋ ನನ್ನ ಪೆದ್ದುಮಗನೇ! ಬುಸ್ ಅನ್ನುತ್ತಾ ಇಲ್ವಾ ಅಂತ ಕೇಳಿಸ್ಕೋಬಾರ್ದೇನೋ? ಬುಸ್ ಅಂದ್ರೆ ಚೀಲಕ್ಕೆ ಹಾಕು. ಅನ್ನದಿದ್ರೆ ಮುಟ್ಟಬೇಡ!"

"ಆಗ್ಲವ್ವ. ಬುಸ್ ಅಂದ್ರೆ ಚೀಲಕ್ಕೆ."

ಆಮೇಲೆ ಕಂಬಳಿ ಕೆಂಚಣ್ಣನ ಮನೆಯಿಂದ ಫೋನು. ಜಗುಲಿ ಸಂದೀಲಿ ಏನೋ ಹರಿದಂಗಾಯ್ತಂತೆ. ಮನೆಯೋರೆಲ್ಲ ಬೀದೀಲಿ ನಿಂತವ್ರೆ. ಸಣ್ಣಮಲ್ಲ ಹೋದ. ಸಂದೀಲಿ ನೋಡಿದ, ಒಂದು ಕೇರೆ ಹಾವು ಮುದುಡಿಕೊಂಡಿದೆ. ಪಾಪ, ಹೆದರಿ ಉಸಿರೇ ಬಿಡ್ತಿಲ್ಲ. "ಇದು ಬುಸ್ ಅನ್ನಲಿಲ್ಲ, ಬ್ಯಾಡ" ಅಂದ. ಆಗ ಜಗುಲಿ ಮೇಲಿಂದ "ಬುಸ್ಸ್‌ಸ್‌ಸ್!" ಕಂಬಳಿ ಹೊದ್ಕೊಂಡು ಉದ್ದಕ್ಕೆ ಏನೋ ಬಿದ್ದಿದೆ! ಮತ್ತೆ "ಬುಸ್ಸ್‌ಸ್‌ಸ್!" ಸಣ್ಣಮಲ್ಲ ಬಿಡ್ತಾನಾ? ತಲೆ ಕಡೆಯಿಂದ ಚೀಲ ಎಳೆದ, ಬಾಯಿ ಕಟ್ಟಿದ, ಹೆಗಲಿಗೆ ಎತ್ತಿದ. ಚೀಲದ ಒಳಗಿಂದ "ಯಾವನೋ ಅವನು! ಬಿಡೋ ಮುಂಡೇಮಗನೇ!" ಅಂತ ಕೂಗು.

"ಅಬ್ಬಾ, ಇದು ಕನ್ನಡ ಮಾತಾಡುತ್ತೆ!" ಅಂದ ಸಣ್ಣಮಲ್ಲ.

ಅದು ಕೆಂಚಣ್ಣನ ತಾತ! ಕಿವಿ ಕೇಳದ ಮುದುಕ, ಗೊರಕೆ ಹೊಡ್ಕೊಂಡು ಮಲಗಿದ್ದ. ನಗಬೇಡ್ರೋ! ಆ ತಾತ ಆಮೇಲೆ ಜಗುಲಿ ಮೇಲೆ ಮಲಗೋದನ್ನೇ ಬಿಟ್ಟ.

"ಕಾಲು ಕಾಣಿಸ್ಲಿಲ್ವೇನೋ ನಿನಗೆ?" ಅಂತ ನಿಂಗಾಜಮ್ಮ ಸೌಟು ಎತ್ತಿದಳು. "ಕಾಲಿರೋದು ಹಾವಾಗುತ್ತೇನೋ? ಕಾಲು ಕಂಡ್ರೆ ಕೈಮುಗಿದು, ತಪ್ಪಾಯ್ತು ಅಂತ ಹೇಳಿ ಬರ್ಬೇಕು!"

"ಆಗ್ಲವ್ವ. ಕಾಲು ಕಂಡ್ರೆ ಕೈಮುಗಿಯೋದು."

ಮುಂದಿನ ಸಲ ಮೊಟ್ಟೆ ಮಂಡಿ ಪರ್ವೀನಮ್ಮ ಫೋನು ಮಾಡಿದಳು. ಅಂಗಡಿ ಒಳಗೆ ತೊಲೆಯಂಥಾ ಉಡ ನುಗ್ಗಿ ಮೊಟ್ಟೆ ನುಂಗ್ತಾ ಇದೆ! ಸಣ್ಣಮಲ್ಲ ಬಗ್ಗಿ ನೋಡಿದ. ಕಾಲು! ಒಂದಲ್ಲ, ನಾಕು! ಚೀಲ ಕೆಳಗಿಟ್ಟ, ಎರಡೂ ಕೈ ಜೋಡಿಸಿದ. "ತಪ್ಪಾಯ್ತು ಸಾಮಿ, ನೀವು ಅಂತ ಗೊತ್ತಾಗ್ಲಿಲ್ಲ. ಊಟ ಮಾಡ್ಕೊಳ್ಳಿ" ಅಂದು ಹೊರಗೆ ಬಂದ.

"ಹಿಡಿದ್ಯೇನಪ್ಪಾ?" ಅಂದಳು ಪರ್ವೀನಮ್ಮ.

"ಇಲ್ಲಮ್ಮ, ದೊಡ್ಡೋರು. ಊಟಕ್ಕೆ ಕೂತವ್ರೆ."

ಉಡ ಹೊಟ್ಟೆ ತುಂಬ ತಿಂದು, ಡೇಗಿ, ತಾನಾಗೇ ಎದ್ದು ಹೋಯ್ತು. ಬೋರಲಿಂಗಯ್ಯ ಬಂದು ಒಡೆದ ಮೊಟ್ಟೆ ಮೇಲೆ ಜಾರಿ ಬಿದ್ದ. ಸೊಂಟ ಹಿಡ್ಕೊಂಡು ಎದ್ದು, "ಯುಗಾದಿಗೆ ಮುಂಚೆ ಇನ್ನೊಂದು ಸಲ ಹಿಂಗಾದ್ರೆ ನೀನು ಮನೆಗೆ, ಮದುವೆ ಮಸಣಕ್ಕೆ!" ಅಂದ.

ನಿಂಗಾಜಮ್ಮನ ಕಣ್ಣಲ್ಲಿ ನೀರು ಬಂತು. "ಕೈಗೆ ಬಂದ ಹೆಣ್ಣು ತಪ್ಪಿಸ್ಬೇಡ ಕಣೋ ಮಲ್ಲ. ಕಾಲಿದ್ರೂ ಮನುಷ್ಯ ಅಲ್ಲದೆ ಇದ್ರೆ ಹಿಡ್ಕೊಂಡು ಗುಡ್ಡದ ಮೇಲೆ ಬಿಟ್ಟು ಬಾರೋ ನಮ್ಮಪ್ಪ!"

"ಆಗ್ಲವ್ವ. ಗುಡ್ಡದ ಮೇಲೆ."

ಯುಗಾದಿ ಹತ್ತಿರಕ್ಕೆ ಬಂತು. ದೇವಸ್ಥಾನದ ಕಲ್ಯಾಣೀಲಿ ಒಂದು ಹಳೇ ಆಮೆ ಇತ್ತು. ಊರೋರು ಅದನ್ನ ಅಜ್ಜಮ್ಮ ಅಂತಿದ್ರು. ಅವತ್ತು ಅಜ್ಜಮ್ಮ ಮೆಟ್ಟಿಲು ಹತ್ತಿ ಬಂದು, ಬಸ್ಸು ಓಡಾಡೋ ರಸ್ತೇಲಿ ನಿಧಾನಕ್ಕೆ ಹೊರಟಿತ್ತು. ಫೋನು ಬಂತು. ಸಣ್ಣಮಲ್ಲ ಓಡಿದ. ಕಾಲಿದೆ, ಮನುಷ್ಯ ಅಲ್ಲ! ಎತ್ತಿಕೊಂಡು, ಬಿಸಿಲಲ್ಲಿ ಏದುಸಿರು ಬಿಟ್ಕೊಂಡು, ಗುಡ್ಡದ ತುದೀಲಿ ಒಂದು ಬಂಡೆ ಮೇಲೆ ಬಿಟ್ಟು ಬಂದ!

ಊರಿಗೆ ಊರೇ ಹೌಹಾರಿತು. "ಅಜ್ಜಮ್ಮ ಎಲ್ಲಿ? ಅಜ್ಜಮ್ಮ ಎಲ್ಲಿ?" ಅಂತ ಪೂಜಾರಪ್ಪ ಕಲ್ಯಾಣಿ ಸುತ್ತ ಸುತ್ತಿದ. ತಿಬ್ಬಯ್ಯನೂ ಬಂದ. ನಿಂಗಾಜಮ್ಮ ಮಗನ ಕಿವಿ ಹಿಂಡಿದಳು.

"ನೀರಲ್ಲಿರೋ ಜೀವಾನ ಬಂಡೆ ಮೇಲೆ ಬಿಡ್ತಾರೇನೋ? ಇದೊಂದು ಮಾತು ತಲೇಲಿ ಇಟ್ಕೋ. ಬೇರೆ ಯಾವುದೂ ಬ್ಯಾಡ! ಯಾರನ್ನ ಯಾರ ಮನೆಯಿಂದ ತಂದ್ಯೋ, ಅವರ ಮನೆಗೇ ತಿರುಗಿ ಬಿಟ್ಟು ಬಾ. ಓಡು!"

ಸಣ್ಣಮಲ್ಲ ಓಡಿದ ನೋಡಿ, ಚಪ್ಪಲಿ ಒಂದು ಕಡೆ, ಅವನೊಂದು ಕಡೆ. ಅಜ್ಜಮ್ಮ ಬಂಡೆ ನೆರಳಲ್ಲಿ ತಲೆ ಒಳಗೆ ಎಳ್ಕೊಂಡು ಕೂತಿತ್ತು. ತನ್ನ ಅಂಗೀನೇ ಒದ್ದೆ ಮಾಡಿ ಹೊದಿಸಿ, ಮಗು ಎತ್ಕೊಂಡಂಗೆ ಎತ್ಕೊಂಡು ಬಂದು, ಕಲ್ಯಾಣಿ ನೀರಿಗೆ ಮೆಲ್ಲಗೆ ಬಿಟ್ಟ. ಅಜ್ಜಮ್ಮ ಪುಳಕ್ ಅಂತ ಮುಳುಗಿ, ಆ ಕಡೆ ಎದ್ದಿತು. ಊರೋರು ಚಪ್ಪಾಳೆ ತಟ್ಟಿದ್ರು. ಬೋರಲಿಂಗಯ್ಯ, "ಹೋಗ್ಲಿ, ಜೀವದ ಮೇಲೆ ಕರುಣೆ ಇದೆ. ಇರಲಿ ಬಿಡು" ಅಂದ. ತಿಬ್ಬಯ್ಯ, "ಸರಿ, ಕೊಟ್ಟೆ ಹೆಣ್ಣು!" ಅಂದ. ನಿಂಗಾಜಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು ಸೆರಗಲ್ಲಿ ಕಣ್ಣೊರೆಸ್ಕೊಂಡಳು.

ಯುಗಾದಿ ಕಳೀತು. ತಿಬ್ಬಯ್ಯನ ಮನೆ ಮುಂದೆ ಚಪ್ಪರ, ವಾಲಗ, ಮದುವೆ. ಮುಖ ತುಂಬ ನಗ್ತಾ ಚಿಕ್ಕತಾಯಿ ಗಂಡನ ಮನೆಗೆ ಬಂದಳು. ಅಕ್ಕಿ ತುಂಬಿದ ಸೇರು ಒದ್ದು, ಬಲಗಾಲಿಟ್ಟು ಒಳಗೆ ಬಂದಳು. ನಿಂಗಾಜಮ್ಮ ಪಾಯಸ ಬಡಿಸೋಕೆ ಅಡಿಗೆಮನೆಗೆ ಹೋದಳು.

ಸಣ್ಣಮಲ್ಲ ಹೆಂಡ್ತೀನ ನೋಡಿದ. ಯೋಚನೆ ಮಾಡಿದ. ಇವಳನ್ನ ಯಾರ ಮನೆಯಿಂದ ತಂದೆ? ತಿಬ್ಬಯ್ಯನ ಮನೆಯಿಂದ. ಹಂಗಾದ್ರೆ?

"ಏಳು, ಹೋಗೋಣ" ಅಂದ. ಅವಳು ದೇವಸ್ಥಾನಕ್ಕೇನೋ ಅಂದ್ಕೊಂಡು ಬಾಸಿಂಗ ಸರಿ ಮಾಡ್ಕೊಂಡು ಹೊರಟಳು. ಇವನು ತಿಬ್ಬಯ್ಯನ ಬಾಗಿಲಲ್ಲಿ ಅವಳನ್ನ ನಿಲ್ಲಿಸಿ, "ಮಾವ, ತಗೊಳ್ಳಿ ನಿಮ್ಮ ಮಗಳು. ಒಂದು ಗಾಯ ಇಲ್ಲ, ನೋಡ್ಕೊಳ್ಳಿ!" ಅಂದ.

ವಾಲಗ ನಿಂತುಹೋಯ್ತು. ತಿಬ್ಬಯ್ಯ ಚಪ್ಪರದ ಕಂಬ ಹಿಡ್ಕೊಂಡ. "ಅರಿಸಿನ ಆರಿಲ್ಲ, ಹೆಣ್ಣು ವಾಪಸ್ ಬಂತಲ್ಲಪ್ಪೋ!" ನಿಂಗಾಜಮ್ಮ ಪಾಯಸದ ಸೌಟು ಹಿಡ್ಕೊಂಡೇ ಓಡಿ ಬಂದಳು. "ನನ್ನ ಮಾನ ಕಳೆದೆಯಲ್ಲೋ! ಇಷ್ಟು ಆಸೆಪಟ್ಟು ತಂದ ಸೊಸೇನ ನನ್ನ ಮನೆಯಿಂದ ಕಳಿಸಿಬಿಟ್ಟೆಯಲ್ಲೋ!" ಅಂತ ಗೋಳೋ ಅಂತ ಅತ್ತಳು. ಸಣ್ಣಮಲ್ಲನ ಮುಖ ಇಷ್ಟೇ ಆಯ್ತು. ಅವ್ವ ಹೇಳಿದ್ದನ್ನೇ ಮಾಡಿದ್ದೆ, ಅವ್ವನೇ ಅಳ್ತಾಳಲ್ಲ!

ಚಿಕ್ಕತಾಯಿ ಮುಂದೆ ಬಂದಳು. "ಸುಮ್ನಿರಿ ಎಲ್ಲ! ರೀ, ಈಗ ನನ್ನ ಯಾರ ಮನೆಯಿಂದ ಕರ್ಕೊಂಡು ಬಂದ್ರಿ?"

"ನಮ್ಮನೆಯಿಂದ."

"ಮತ್ತೆ, ಎಲ್ಲಿಗೆ ಬಿಡ್ಬೇಕು?"

ಸಣ್ಣಮಲ್ಲ ಬೆರಳು ಕಚ್ಚಿದ. "ಅರರರೆ! ಹೌದಲ್ಲ! ನಡಿ, ನಡಿ!"

ಊರೋರು ಹೊಟ್ಟೆ ಹಿಡ್ಕೊಂಡು ನಕ್ರು. ತಿಬ್ಬಯ್ಯನೂ ನಕ್ಕ. ವಾಲಗದೋರು ಊದ್ಕೊಂಡೇ ಹಿಂದೆ ಬಂದ್ರು. ಎರಡನೇ ಸಲ ಮೆರವಣಿಗೆ! ಸೊಸೆ ಬಲಗಾಲಿಟ್ಟು ಒಳಗೆ ಹೋದಳು. ನಿಂಗಾಜಮ್ಮ ಹೊಸ್ತಿಲಲ್ಲಿ ನಿಂತು ಸಂತೋಷಕ್ಕೆ ಬಾಯಿ ತಪ್ಪಿ, "ಬಂದ್ಯಾ ಮಗಳೇ? ಅಪ್ಪನ ಮನೆಯಿಂದ ಅಂತೂ ಬಂದ್ಯಾ?" ಅಂದುಬಿಟ್ಟಳು.

ಸಣ್ಣಮಲ್ಲ ಕಿವಿ ನಿಮಿರಿಸಿದ. "ಅಪ್ಪನ ಮನೆಯಿಂದಾನಾ? ಹಂಗಾದ್ರೆ ಮತ್ತೆ ಅಲ್ಲಿಗೇ..."

ಚಿಕ್ಕತಾಯಿ ಅತ್ತೇನ ಒಳಗೆ ಎಳ್ಕೊಂಡು ಧಡ್ ಅಂತ ಬಾಗಿಲು ಹಾಕಿ ಚಿಲಕ ಹಾಕಿದಳು. ಒಳಗಿಂದ ಅತ್ತೆ ಸೊಸೆ ಕಿಲಕಿಲ ನಗು. ಸಣ್ಣಮಲ್ಲ ಬಾಗಿಲು ತಟ್ಟಿದ, ಕಿಟಕೀಲಿ ಇಣುಕಿದ, ತಲೆ ಕೆರ್ಕೊಂಡ. ಕೊನೆಗೆ ಬಾಸಿಂಗ ಕಟ್ಟಿದ ಹಣೆ ಒರೆಸ್ಕೊಂಡು ಫೋನು ತೆಗೆದ.

"ಹಲೋ, ಹಾವಾಫೀಸಾ? ಸಾರ್, ನಮ್ಮನೆ ಒಳಗೆ ಒಂದು ಸೇರ್ಕೊಂಡಿದೆ!"

"ಏನೋ ಅದು? ನಾಗರಾನಾ, ಉಡಾನಾ?" ಅಂದ ಬೋರಲಿಂಗಯ್ಯ.

"ಹೆಂಡ್ತಿ ಸಾರ್! ಹೊರಗೆ ಬರಾಕೇ ಒಪ್ತಾ ಇಲ್ಲ. ನನ್ನ ಚೀಲ ಒಳಗಡೆನೇ ಐತೆ, ನಿಮ್ಮದು ತಗೊಂಡು ಬೇಗ ಬನ್ನಿ!"