ಗೆರೆ ಯಾರು ನೋಡುತ್ತಾರೆ?

ಒಂದು ಊರಿನ ಶಾಲೆಯ ಅಡುಗೆಮನೆಗೆ ಬೆಂಕಿ ಬಿತ್ತು. ಅತಿಥಿಯಾಗಿ ಬಂದಿದ್ದ ಪುರಸಭೆ ಅಧ್ಯಕ್ಷ ಕೊರಳ ಹಾರದ ಸಮೇತ ಗೇಟಿನ ಕಡೆ ಓಟ ಕಿತ್ತ. ಬೀದಿ ಗುಡಿಸುವ ಹುಲಿಗೆಮ್ಮ ಪೊರಕೆ ಬಿಸಾಕಿ ಒಳಗೆ ನುಗ್ಗಿ ಮೂರು ಮಕ್ಕಳನ್ನು ಹೊತ್ತು ತಂದಳು. ಅವಳ ಎರಡೂ ಅಂಗೈ ಸುಟ್ಟವು.

ಚಿಕಿತ್ಸೆ ಕೊಡಿಸಿ ಎಂದು ಕೇಳಲು ಹೋದರೆ ಅಧ್ಯಕ್ಷ, "ನೀ ಅಲ್ಲಿ ಇದ್ದಿ ಅನ್ನಾಕ ಏನು ಸಾಕ್ಷಿ? ಮಕ್ಕಳನ್ನ ಉಳಿಸಿದಾಂವ ನಾನು" ಎಂದ. ಊರೆಲ್ಲ ಕೇಳಿಸಿಕೊಂಡಿತು. ಯಾರೂ ಬಾಯಿ ಬಿಡಲಿಲ್ಲ. ನಲ್ಲಿಗೆ ನೀರು ಬಿಡಿಸುವವನು ಅವನೇ ಅಲ್ಲವೇ!

ಅಷ್ಟು ಸಾಲದೆ, ತನ್ನ ಸಾಹಸದ ಚಿತ್ರಕಥೆ ಪುಸ್ತಕ ಬರೆಸಿ ಮಕ್ಕಳಿಗೆ ಹಂಚಲು ಹೊರಟ. ಕೆಲಸ ಊರಿನ ಚಿತ್ರಗಾರ ವಾಮನ ಮಾಸ್ತರರಿಗೆ ಬಂತು. ಅವರ ಕೈಕೆಳಗೆ ಚಿತ್ರ ಬರೆಯುತ್ತಿದ್ದವಳು ಚಂದ್ರವ್ವ. ಓಟ ಬರೆಯುವುದರಲ್ಲಿ ಅವಳದು ಎತ್ತಿದ ಕೈ. ಕಾಗದದ ಮೇಲಿನ ಮನುಷ್ಯ ಕದಲುವುದಿಲ್ಲ. ಬೆನ್ನ ಹಿಂದೆ ನಾಲ್ಕು ಗೆರೆ ಎಳೆದು, ಹಿಮ್ಮಡಿಯ ಬಳಿ ಧೂಳು ಎಬ್ಬಿಸಿದರೆ ಮಾತ್ರ ಓಡುತ್ತಾನೆ.

ಬೆಂಕಿಯ ದಿನ ಚಂದ್ರವ್ವ ಅಲ್ಲೇ ಇದ್ದಳು. ಕಂಡದ್ದನ್ನೇ ಬರೆದಳು. ಹುಲಿಗೆಮ್ಮ ಬೆಂಕಿಯತ್ತ, ಅಧ್ಯಕ್ಷ ಗೇಟಿನತ್ತ. ಇಬ್ಬರ ಹಿಂದೆಯೂ ಗೆರೆ.

ಅಧ್ಯಕ್ಷ ನೋಡಿ ಕೆಂಡವಾದ. "ನನ್ನ ಬೆಂಕಿ ಕಡೆ ತಿರುಗಿಸ್ರಿ. ಆ ಹೆಂಗಸನ್ನ ತೆಗೀರಿ."

ಮಾಸ್ತರರು ಬ್ಲೇಡು ಮುಂದೆ ಹಿಡಿದರು. "ತಂಗಿ, ಹುಲಿಗೆಮ್ಮನ್ನ ಕೆರದು ತೆಗಿ."

"ಆಕಿ ಕೈ ಸುಟ್ಟದ್ದು ಸಾಲದೇನ್ರೀ ಮಾಸ್ತರ? ಮೈನೂ ಕೆರೀಬೇಕಾ?"

"ಹಂಗಾದ್ರ ನಾಳಿಂದ ಬರಬ್ಯಾಡ."

"ಬರಂಗಿಲ್ಲ ಬಿಡ್ರಿ." ಅನ್ನ ಕೊಡುತ್ತಿದ್ದ ಕೆಲಸವನ್ನು ಬಿಟ್ಟು ಅವಳು ಎದ್ದಳು.

ಮಾಸ್ತರರೇ ಅಧ್ಯಕ್ಷನ ಚಿತ್ರ ಕತ್ತರಿಸಿ, ಬೆಂಕಿಗೆ ಮುಖ ಮಾಡಿದ ಅಧ್ಯಕ್ಷನನ್ನು ಬರೆದು ಅದೇ ಜಾಗದಲ್ಲಿ ಅಂಟಿಸಿದರು. ಹುಲಿಗೆಮ್ಮನನ್ನು ಕೆರೆದರು. ಇಬ್ಬರ ಹಿಂದೆ ಎಳೆದಿದ್ದ ಗೆರೆಗಳು ಹಾಗೇ ಉಳಿದವು. "ಗೆರೀ ಯಾರು ನೋಡ್ತಾರ?" ಎಂದು ಅಚ್ಚಿಗೆ ಕಳಿಸಿದರು.

ಪುಸ್ತಕ ಹಂಚುವ ದಿನ ಮಕ್ಕಳ ತಂದೆತಾಯಂದಿರೂ ಬಂದು ಕೂತಿದ್ದರು; ಚಂದ್ರವ್ವ ಶಾಲೆಯ ಗೋಡೆಗೆ ಒರಗಿ ನಿಂತಿದ್ದಳು. ಅಧ್ಯಕ್ಷ ವೇದಿಕೆಯಿಂದ ಕೇಳಿದ: "ಮಕ್ಕಳೇ, ಇಲ್ಲಿ ನಾನು ಏನು ಮಾಡಾಕತ್ತೀನಿ?"

"ಬೆಂಕಿ ನೋಡ್ಕೋತ ಹಿಂದಕ್ಕ ಓಡಾಕತ್ತೀರಿ!" ಎಂದಳು ಐದನೇ ತರಗತಿಯ ಹುಡುಗಿ. "ಗೆರೀ ನಿಮ್ಮ ಮುಖದ ಮುಂದ ಅದಾವ!"

ಮಕ್ಕಳೆಲ್ಲ ಹೊಟ್ಟೆ ಹಿಡಿದು ನಕ್ಕರು. ಹುಡುಗಿ ಚಿತ್ರದ ಮೇಲೆ ಬೆರಳು ಸರಿಸಿದಳು. "ಸಾಹೇಬ್ರ, ಇಲ್ಲಿ ಬೆಂಕಿಗೆ ಓಡಿದವರು ಯಾರು? ಗೆರೀ ಅದಾವ, ಮನುಷ್ಯಾರಿಲ್ಲ."

ಮಕ್ಕಳೆಲ್ಲ ತಮ್ಮ ತಮ್ಮ ಪುಸ್ತಕದಲ್ಲಿ ಆ ಗೆರೆ ಹುಡುಕಿದರು.

"ಹುಲಿಗೆಮ್ಮ!" ಗೋಡೆಯ ಬಳಿಯಿಂದ ಚಂದ್ರವ್ವ ಕೂಗಿದಳು.

ಒಬ್ಬ ತಾಯಿ ಎದ್ದಳು. "ಹೌದು. ನನ್ನ ಮಗಳನ್ನ ಹೊತ್ತು ತಂದಾಕಿ ಆಕೀನ. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ, ನಾಚಿಕಿ ಆಗಬೇಕು ನನಗ." ಇನ್ನೊಬ್ಬಳು ಎದ್ದಳು. ಆಮೇಲೆ ಸಾಲೇ ಎದ್ದಿತು. ಅಂದೇ ಹುಲಿಗೆಮ್ಮನನ್ನು ಮುಂದಿಟ್ಟುಕೊಂಡು ಪುರಸಭೆಗೆ ಹೋದರು. ಚಿಕಿತ್ಸೆಯ ಆದೇಶಕ್ಕೆ ಸಹಿ ಬೀಳುವವರೆಗೂ ಮೆಟ್ಟಿಲು ಬಿಟ್ಟು ಕದಲಲಿಲ್ಲ.

ನೀತಿ: ದುಡಿದವರನ್ನು ಕೆರೆದು ತೆಗೆದರೂ ಅವರು ಓಡಿದ ದಾರಿ ಉಳಿಯುತ್ತದೆ. ಆ ದಾರಿ ಕಂಡೂ ಹೆಸರು ಹೇಳದೆ ಸುಮ್ಮನಿರುವವನು ಒಳ್ಳೆಯವನಲ್ಲ, ಅವನ ಕೈಯಲ್ಲೂ ಬ್ಲೇಡು ಇದೆ.