ಬಂಡೆಯಜ್ಜನ ಮೊದಲ ಹೂವು

ಏ ಹರಿಣಿ, ಅದನ್ನ ಬಿಸಾಡಬೇಡ ಕಣೇ! ಕಸ ಅಲ್ಲ ಅದು. ಒಣಗಿದ ತೊಗಟೆ ಥರ ಕಾಣುತ್ತೆ, ನಿಜ. ಆದರೆ ಅದು ಕಲ್ಲುಹೂವು. ಅದಿಲ್ಲದಿದ್ದರೆ ನಿನ್ನ ಈ ಅಜ್ಜಿಯ ಬಿಸಿಬೇಳೆ ಬಾತಿನ ಪುಡಿ ಪುಡಿಯೇ ಅಲ್ಲ. ಬಾ, ಬಾಣಲೆ ಕಾಯುವಷ್ಟರಲ್ಲಿ ಅದರ ಕಥೆ ಹೇಳ್ತೀನಿ. ಮೆಣಸಿನಕಾಯಿಗೆ ಮಾತ್ರ ಕೈ ಹಾಕಬೇಡ, ಆಮೇಲೆ ಕಣ್ಣುಜ್ಜಿಕೊಂಡು ಕಿರುಚ್ತೀಯ.

ಭೂಮಿ ಆಗಿನ್ನೂ ಎಳೆಗೂಸು. ನದಿಗಳಿಗೆ ದಾರಿ ಗೊತ್ತಿರಲಿಲ್ಲ, ಸಿಕ್ಕ ಸಿಕ್ಕ ಕಡೆ ನುಗ್ಗುತ್ತಿದ್ದವು. ಎಷ್ಟು ಬಿಸಿಲು ಸುರಿಯಬೇಕು ಅನ್ನೋ ಅಂದಾಜು ಸೂರ್ಯನಿಗೂ ಇರಲಿಲ್ಲ. ಆ ಕಾಲದಲ್ಲಿ ಒಂದು ದೊಡ್ಡ ಬಂಡೆ ಇತ್ತು. ಎಲ್ಲರೂ ಅವನನ್ನ ಬಂಡೆಯಜ್ಜ ಅಂತ ಕರೀತಿದ್ದರು.

ಬಂಡೆಯಜ್ಜನಿಗೆ ಒಂದೇ ಒಂದು ಆಸೆ. ತಾನೂ ಒಂದು ಹೂ ಬಿಡಬೇಕು. ಕೆಳಗಿನ ಮಣ್ಣಿನಲ್ಲಿ ನೋಡಿದರೆ ಹುಲ್ಲು, ಗಿಡ, ಬಳ್ಳಿ. ಅಜ್ಜನ ಮೈ ಮಾತ್ರ ಬೋಳು ಬೋಳು. ಹಾರಿ ಬಂದ ಬೀಜಗಳೆಲ್ಲ "ಅಬ್ಬಬ್ಬಾ, ಸುಡುತ್ತೆ!" ಅಂತ ಕಾಲಿಗೆ ಬುದ್ಧಿ ಹೇಳುತ್ತಿದ್ದವು.

"ಕಲ್ಲು ಹೂ ಬಿಡೋದುಂಟೇ ಅಜ್ಜ?" ಅಂತ ಗಾಳಿ ನಗುತ್ತಿತ್ತು.

ಅಜ್ಜ ಮಾತಾಡುತ್ತಿರಲಿಲ್ಲ. ಕಲ್ಲಿಗೂ ಅಳು ಬರುತ್ತೆ ಕಣೇ, ನಮಗೆ ಕಾಣಲ್ಲ ಅಷ್ಟೇ.

ಒಂದು ದಿನ ಬೆಳಿಗ್ಗೆ ಗಾಳಿ ಇಬ್ಬರನ್ನು ಹೊತ್ತು ತಂದು ಅಜ್ಜನ ನೆತ್ತಿಯ ಮೇಲೆ ಇಳಿಸಿತು. ಒಬ್ಬಳು ಪಾಚಿ. ಬತ್ತಿಹೋದ ಕೆರೆಯಿಂದ ಬಂದ ಹಸಿರು ಹುಡುಗಿ. ಬಿಸಿಲನ್ನೇ ಬೇಯಿಸಿ ಅಡುಗೆ ಮಾಡೋ ವಿದ್ಯೆ ಅವಳಿಗೆ ಗೊತ್ತಿತ್ತು. ಆದರೆ ನೀರಿಲ್ಲದೆ ಅವಳ ಒಲೆ ಹತ್ತುತ್ತಿರಲಿಲ್ಲ.

ಇನ್ನೊಬ್ಬ ಅಣಬೆ. ಬಿಳೀ ನೂಲು ಹೆಣೆದು ಮನೆ ಕಟ್ಟುತ್ತಿದ್ದ, ಇಬ್ಬನಿ ಹಿಡಿದಿಡುತ್ತಿದ್ದ. ಅಡುಗೆ ಮಾತ್ರ, ಅಯ್ಯೋ ಕೇಳಬೇಡ, ನಿಮ್ಮ ತಾತನ ಹಾಗೆ ಒಂದು ಲೋಟ ನೀರು ಕಾಯಿಸೋಕೂ ಬರುತ್ತಿರಲಿಲ್ಲ. ಸತ್ತು ಬಿದ್ದ ಮರ, ಉದುರಿದ ಎಲೆ, ಇಂಥದ್ದೇ ಅವನ ಊಟ. ಬೋಳು ಬಂಡೆಯ ಮೇಲೆ ಮರ ಎಲ್ಲಿಂದ ಬರಬೇಕು?

ಪಾಚಿಗೆ ಬಾಯಾರಿಕೆ. ಅಣಬೆಗೆ ಹಸಿವು. ಬಿಸಿಲು ಏರಿತು. ಪಾಚಿ ಅಂಚಿನಿಂದ ಒಣಗುತ್ತಾ ಬಂದಳು. ಅಣಬೆ ಅವಳನ್ನೇ ನೋಡುತ್ತಾ ಕೂತ.

"ಯಾಕೆ ಹಾಗೆ ನೋಡ್ತೀಯ?" ಅಂದಳು ಪಾಚಿ.

"ನೀನು ಸಾಯೋದನ್ನೇ ಕಾಯ್ತಿದ್ದೀನಿ," ಅಂದ ಅಣಬೆ. "ನಿನ್ನ ಹತ್ತಿರ ಸುಳ್ಳು ಯಾಕೆ? ಸತ್ತಮೇಲೆ ತಿಂತೀನಿ."

"ತಿನ್ನು ಬಿಡು," ಅಂದಳು. ಪಾಪ, ಜಗಳ ಆಡೋಕೂ ಅವಳಿಗೆ ತ್ರಾಣ ಇರಲಿಲ್ಲ.

ಅಜ್ಜ ಇದನ್ನೆಲ್ಲ ಕೇಳಿಸಿಕೊಂಡ. ಯಾವತ್ತೂ ಬಾಯಿ ಬಿಡದವನು ಅವತ್ತು ಗುಡುಗಿದ. "ಲೋ ಅಣಬೆ! ಇವತ್ತು ಇವಳನ್ನ ತಿಂತೀಯ. ನಾಳೆ? ನನ್ನನ್ನ ಕಡೀತೀಯೇನೋ? ಕೂತು ತಿನ್ನೋನಿಗೆ ಕುಡಿಕೆ ಹೊನ್ನೂ ಸಾಲದು!"

ಅಣಬೆ ಯೋಚಿಸಿದ. ಹಸಿದ ಹೊಟ್ಟೆಯಲ್ಲಿ ಯೋಚಿಸೋದು ಕಷ್ಟ, ಆದರೂ ಯೋಚಿಸಿದ. ಅವನ ಹತ್ತಿರ ಬೆಳಗಿನ ಇಬ್ಬನಿ ಒಂದೇ ಒಂದು ಹನಿ ಉಳಿದಿತ್ತು. ಕೊಟ್ಟರೆ ತಾನು ಒಣಗಬೇಕು. ಹನಿಯನ್ನು ನೋಡಿದ, ಪಾಚಿಯನ್ನು ನೋಡಿದ.

"ತಗೋ, ಕುಡಿ," ಅಂದ ಕೊನೆಗೆ. ಕುಡಿಸಿ, ತನ್ನ ಬಿಳೀ ನೂಲನ್ನ ಅವಳ ಸುತ್ತ ಹೊದಿಸಿ ನೆರಳು ಮಾಡಿದ.

ಪಾಚಿ ಉಸಿರೆಳೆದುಕೊಂಡಳು. ಎದ್ದವಳೇ ಒಲೆ ಹಚ್ಚಿದಳು. ನೂಲಿನ ಸಂದಿಯಲ್ಲಿ ಇಳಿದ ಬಿಸಿಲನ್ನ ಬೇಯಿಸಿ ಮೊದಲ ತುತ್ತು ಅಣಬೆಗೇ ಕೊಟ್ಟಳು. ಹುಟ್ಟಿದಾಗಿನಿಂದ ಅವನು ಬಿಸಿ ಊಟ ಉಂಡಿರಲಿಲ್ಲ. ಅತ್ತೇಬಿಟ್ಟ ಕಣೇ.

ಆಮೇಲೆ ಅವನು ಇಬ್ಬನಿ ಹಿಡಿದ, ಅವಳು ಬೇಯಿಸಿದಳು. ಅವನು ಸೂರು ಹೆಣೆದ, ಅವಳು ಬೇಯಿಸಿದಳು. ಅವನ ನೂಲು ಅವಳ ಹಸಿರಿನೊಳಗೆ ಹೋಯಿತು, ಅವಳ ಹಸಿರು ಅವನ ನೂಲಿನೊಳಗೆ ಹೋಯಿತು. ಬಿಸಿಬೇಳೆ ಬಾತಲ್ಲಿ ಅಕ್ಕಿ ಬೇರೆ, ಬೇಳೆ ಬೇರೆ ಅಂತ ನೀನು ಆರಿಸ್ತೀಯೇನು? ಹಾಗೇ ಬೆರೆತುಹೋದರು.

ಎಷ್ಟೋ ದಿನ ಕಳೆದ ಮೇಲೆ ಗಾಳಿ ಮತ್ತೆ ಅದೇ ದಾರಿಯಲ್ಲಿ ಬಂತು. ಅಜ್ಜನ ನೆತ್ತಿ ನೋಡಿ ಅಲ್ಲೇ ನಿಂತಿತು. "ಇದೇನಿದು, ಸುರುಳಿ ಸುರುಳಿ ಎಸಳು? ಯಾರು ನೀನು? ಪಾಚಿಯಾ? ಅಣಬೆಯಾ?"

"ನಾವಾ?" ಅಂತು ಒಂದೇ ದನಿ. ತನ್ನ ಎಸಳನ್ನ ತಾನೇ ತಿರುವಿ ನೋಡಿಕೊಂಡಿತು. "ಅಯ್ಯೋ, ಗೊತ್ತಿಲ್ಲವಲ್ಲ!"

"ನನಗೆ ಗೊತ್ತು," ಅಂದ ಬಂಡೆಯಜ್ಜ. "ಅದು ನನ್ನ ಹೂವು."

ಗಾಳಿ ಆಮೇಲೆ ಯಾವತ್ತೂ ಅಜ್ಜನನ್ನು ಆಡಿಕೊಳ್ಳಲಿಲ್ಲ.

ಕಸ ಅಂದೆಯಲ್ಲ, ಈಗ ಒಂದು ಎಸಳು ತಗೊಂಡು ಎರಡು ಹನಿ ನೀರು ಹಾಕು. ಒಂದೇ ಸಾಕು! ಎಲ್ಲಾ ನೆನೆಸಿದರೆ ನನ್ನ ಪುಡಿಗೆ ಬೂಷ್ಟು ಹಿಡಿಯುತ್ತೆ. ಹಾಂ, ಸ್ವಲ್ಪ ತಾಳು. ಈಗ ನೋಡು, ಬೂದಿ ಬಣ್ಣದ ಒಳಗಿಂದ ಹಸಿರು ಎದ್ದು ಬರ್ತಿದೆ ಅಲ್ವಾ?

ಮಳೆ ಬಿದ್ದ ಕೂಡಲೇ ಬೆಟ್ಟದ ಬಂಡೆಗಳ ಮೇಲೆ ಕಲ್ಲುಹೂವು ಇವತ್ತಿಗೂ ಹಸಿರಾಗೋದು ಅದಕ್ಕೇ ಕಣೇ: ಅಣಬೆ ನೀರು ತಂದಿದ್ದಾನೆ, ಒಳಗೆ ಪಾಚಿ ಒಲೆ ಹಚ್ಚಿದ್ದಾಳೆ.