ಲೋಹಿತ ಕಟ್ಟಿದ ಮಾನ್‌ಸ್ಟರ್ ಟ್ರಕ್

ರಿಮೋಟಿನಲ್ಲಿ ಓಡುವ ಗಾಡಿ ಅಂದರೆ ಆಟದ ಸಾಮಾನು ಅಂತ ನಗುವವರು ನಗಲಿ. ನಾನು ಹೇಳುವ ದೊಡ್ಡ ಗಾಲಿಯ ಮಾನ್‌ಸ್ಟರ್ ಟ್ರಕ್ ಅಂಗಡಿಯ ಗಾಜಿನ ಹಿಂದೆ ಕೂರುವಂಥದ್ದಲ್ಲ. ಮೊಣಕಾಲೆತ್ತರ ಇತ್ತು, ಆರು ಕೆಜಿ ತೂಗುತ್ತಿತ್ತು, ಬೈಕಿನ ಜೊತೆ ಪಂದ್ಯ ಕಟ್ಟುವಷ್ಟು ಜೋರಾಗಿ ಓಡುತ್ತಿತ್ತು.

ಅದನ್ನು ಕಟ್ಟಿದವನು ಲೋಹಿತ. ಕಟ್ಟುವುದನ್ನು ಕಲಿಸಿದವರು ಕಾಳಾಚಾರ್. ಹೊಳೆ ದಂಡೆಯ ಹಳೇ ಪಂಪ್‌ಹೌಸಿನಲ್ಲಿ ಅವರ ವಾಸ, ಅಲ್ಲೇ ಪಾಠ. ಊರಿನವರು ತಮಾಷೆಗೆ ಅದನ್ನು ಆಶ್ರಮ ಅನ್ನುತ್ತಿದ್ದರು. ಆಚಾರ್ರದ್ದು ಮಾತು ಕಡಿಮೆ. ಆಡಿದ್ದೂ ಅರ್ಧ ಒಗಟು.

ಲೋಹಿತ ಕೆಟ್ಟು ಮೂಲೆ ಸೇರಿದ್ದ ಗಾಡಿಗಳನ್ನು ಬಿಚ್ಚಿದ. ಒಂದರ ಚಾಸಿ ತೆಗೆದ, ಇನ್ನೊಂದರ ದೊಡ್ಡ ಗಾಲಿ, ಮತ್ತೊಂದರ ಮೋಟಾರು. ರಿಮೋಟ್ ಒಂದು ಕಡೆಯದು. ಅದು ಹೇಳಿದ್ದನ್ನು ಗಾಡಿಯೊಳಗೆ ಕೂತು ಕೇಳಿಸಿಕೊಳ್ಳುವ ರಿಸೀವರ್ ಬೇರೆ ಕಡೆಯದು.

ಹೊಂದದ ಕಡೆ ಅರದಿಂದ ಉಜ್ಜಿದ, ತೂತು ಕೊರೆದ, ಬೆಸುಗೆ ಹಾಕಿದ. ಕೈ ಸುಟ್ಟುಕೊಂಡ. ಅಂತೂ ಇಂತೂ ಗಾಡಿ ಎದ್ದು ನಿಂತಿತು. ಗುರುಗಳ ಮುಂದೆ ತಂದಿಟ್ಟ.

ಕಾಳಾಚಾರ್ ಗಾಲಿ ತಿರುಗಿಸಿ ನೋಡಿದರು. ಬೆಸುಗೆ ಮುಟ್ಟಿ ನೋಡಿದರು.

“ಚೆನ್ನಾಗಿ ಕಟ್ಟಿದ್ದೀಯ. ನಿನ್ನ ಮಾತು ಕೇಳಿಸದೇ ಹೋದಾಗ ಇದು ಏನು ಮಾಡುತ್ತೆ?”

“ಕೇಳಿಸದೇ ಏನು ಗುರುಗಳೇ, ಹೊಳೆ ಆಚೆ ದಡದಿಂದಲೂ ಕೇಳಿಸುತ್ತೆ.”

“ನಾನು ಎಷ್ಟು ದೂರ ಅಂತ ಕೇಳಲಿಲ್ಲ.”

“ಮತ್ತೇನು ಕೇಳಿದ್ರಿ?”

“ಅದು ಗೊತ್ತಾಗೋ ತನಕ ನೆಲಕ್ಕೆ ಬಿಡಬೇಡ.”

ಅಷ್ಟು ಹೇಳಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ಕಣ್ಣಾಸ್ಪತ್ರೆಗೆ ಹೋಗಬೇಕಿತ್ತು, ಬಸ್ಸು ಹತ್ತಿದರು.

ಲೋಹಿತನಿಗೆ ಮೈ ಉರಿದುಹೋಯಿತು. ಯಾರು ಏನು ಕಟ್ಟಿದರೂ ಈ ಗುರುಗಳು ಒಂದು ಕೊಂಕು ತೆಗೆಯದೇ ಬಿಡಲ್ಲ ಅಂದುಕೊಂಡ. ತಾಳಿದವನು ಬಾಳಿಯಾನು ಅಂತ ಯಾರಾದರೂ ಅಂದಿದ್ದರೆ ಅವತ್ತು ಅವನು ನಕ್ಕುಬಿಡುತ್ತಿದ್ದ. ಮಧ್ಯಾಹ್ನದವರೆಗೆ ಗಾಡಿಯ ಮುಂದೆ ಕೂತ. ಆಮೇಲೆ ಗುರುವಿಗೇ ತಿರುಮಂತ್ರ ಹಾಕಿ, ಅದನ್ನು ಎತ್ತಿಕೊಂಡು ಮರಳಿಗೆ ಇಳಿದ.

ದಂಡೆಯಲ್ಲಿ ಸಾಕವ್ವ ಒಬ್ಬಳೇ ಬಟ್ಟೆ ಒಗೆಯುತ್ತಿದ್ದಳು. ಆಶ್ರಮಕ್ಕೆ ಎರಡು ಹೊತ್ತು ಮುದ್ದೆ ಬೇಯಿಸಿ ಹಾಕುತ್ತಿದ್ದವಳು ಅವಳೇ.

“ಅದೇನ್ ಮಗ, ಕೋಣ ಇದ್ದಂಗದೆ?” ಅಂದಳು.

“ನೋಡ್ತಾ ಇರವ್ವ, ಹೆಂಗೆ ಹಾರುತ್ತೆ ಅಂತ.”

“ನೋಡ್ತಾ ಕೂತ್ರೆ ಬಟ್ಟೆ ನಿಮ್ಮಪ್ಪ ಒಗೀತಾನಾ?” ಅಂತ ನಕ್ಕು, ಬೆನ್ನು ತಿರುಗಿಸಿ ಕಲ್ಲಿಗೆ ಬಾಗಿದಳು.

ಲೋಹಿತ ಗಾಡಿ ಬಿಟ್ಟ. ಅದು ಮರಳು ಎರಚುತ್ತಾ ಹೋಗಿ ದಿಬ್ಬ ಹಾರಿತು. ಹಾರಿ ನಾಲ್ಕೂ ಗಾಲಿಯ ಮೇಲೆ ಇಳಿಯಿತು. ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಗಾಡಿ ತಿರುಗಿಸಿ ಪೂರ್ತಿ ವೇಗ ಕೊಟ್ಟ.

ಆಗ ಕೈಯಲ್ಲಿದ್ದ ರಿಮೋಟಿನ ದೀಪ ಆರಿತು.

ಹಳೇ ರಿಮೋಟು, ಒಳಗೆ ಸೆಲ್ಲು ಸಡಿಲ. ಬಡಿದ, ಕುಲುಕಿದ. ಗಾಡಿ ನಿಲ್ಲಲಿಲ್ಲ. ಕೊನೆಯದಾಗಿ ಅದಕ್ಕೆ ಕೇಳಿಸಿದ್ದು ಓಡು ಅನ್ನುವ ಮಾತು. ಅದನ್ನೇ ಹಿಡಿದುಕೊಂಡು ಒಗೆಯುವ ಕಲ್ಲಿನ ಕಡೆ ಓಡಿತು. ಅವನು ಸಾಕವ್ವನ ಹೆಸರು ಹಿಡಿದು ಕೂಗಿದ. ಬಟ್ಟೆ ಬಡಿಯುವ ಸದ್ದಿನಲ್ಲಿ ಅವಳಿಗೆ ಅದು ಮುಟ್ಟಲಿಲ್ಲ.

ಗಾಡಿ ಹಿಂದಿನಿಂದ ಅವಳ ಕಾಲಿಗೆ ಬಡಿಯಿತು. ಮುಂದಕ್ಕೆ ಬಿದ್ದಳು. ಹಣೆ ಒಗೆಯುವ ಕಲ್ಲಿನ ಅಂಚಿಗೆ ತಗುಲಿತು.

ಗಾಡಿ ಪಕ್ಕದಲ್ಲೇ ಮಗುಚಿಕೊಂಡು ಗಾಲಿ ತಿರುಗಿಸುತ್ತಲೇ ಇತ್ತು. ಲೋಹಿತ ಓಡಿ ಬಂದು ಮೊದಲು ಅದರ ಬ್ಯಾಟರಿ ಕಿತ್ತ. ಆಮೇಲೆ ಗಾಡಿಯನ್ನು ಪೊದೆಯೊಳಗೆ ತಳ್ಳಿದ. ಆಮೇಲೆ ಜನರನ್ನು ಕೂಗಿದ.

ಬಂದವರು ನೋಡಿ, “ಪಾಪ, ಪಾಚಿ ಮೇಲೆ ಜಾರಿದ್ದಾಳೆ,” ಅಂದರು. ಲೋಹಿತ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಸಾಕವ್ವನ ಜೀವ ಹೋಯಿತು.

ಸುದ್ದಿ ತಿಳಿದು ಕಾಳಾಚಾರ್ ವಾಪಸ್ ಬಂದರು. ಎಲ್ಲರ ಜೊತೆ ಹೋಗಿ ಮಣ್ಣು ಮಾಡಿ ಬಂದರು. ಸ್ನಾನ ಮುಗಿಸಿ ಕೇಳಿದರು.

“ಗಾಡಿ ಎಲ್ಲಿ?”

“ಬಿಚ್ಚಿ ಹಾಕಿದೆ ಗುರುಗಳೇ. ಸರಿ ಬರಲಿಲ್ಲ.”

ಅವರು ಹೊರಗೆ ಹೋದರು. ಎಷ್ಟೋ ಹೊತ್ತಾದ ಮೇಲೆ ಗಾಡಿ ಎತ್ತಿಕೊಂಡು ಬಂದರು. ಗಾಲಿಯ ತುಂಬ ಮರಳು. ಅಚ್ಚಿಗೆ ಹಸಿರು ಸೀರೆಯ ಎಳೆ ಸುತ್ತಿಕೊಂಡಿತ್ತು.

ಗಾಲಿ ನೆಲಕ್ಕೆ ತಾಗದ ಹಾಗೆ ಅದನ್ನು ಇಟ್ಟಿಗೆಯ ಮೇಲೆ ಕೂರಿಸಿದರು. ಬ್ಯಾಟರಿ ಹಾಕಿದರು. ರಿಮೋಟ್ ಅವನ ಕೈಗೆ ಕೊಟ್ಟರು.

“ಪೂರ್ತಿ ವೇಗ ಕೊಡು.”

ಕೊಟ್ಟ.

“ಈಗ ರಿಮೋಟ್ ಆರಿಸು.”

ಆರಿಸಿದ. ಗಾಲಿಗಳು ನಿಲ್ಲಲಿಲ್ಲ. ಲೋಹಿತ ಎದ್ದು ಬ್ಯಾಟರಿಗೆ ಕೈ ಹಾಕಲು ಹೋದ.

“ಕೂತ್ಕೋ. ತಾನಾಗೇ ನಿಲ್ಲೋ ತನಕ ನೋಡು.”

ಆ ಕೋಣೆಯಲ್ಲಿ ಗಾಲಿಯ ಗರಗರ ಬಿಟ್ಟು ಬೇರೇನಿರಲಿಲ್ಲ. ಲೋಹಿತ ಕಿವಿ ಮುಚ್ಚಿಕೊಂಡ, ಆಮೇಲೆ ಅತ್ತ. ಬ್ಯಾಟರಿ ಸತ್ತು ಗಾಲಿ ನಿಂತ ಮೇಲೆ ಬಾಯಿ ಬಿಟ್ಟು ಎಲ್ಲ ಹೇಳಿದ. ಹೇಳಿ ಮುಗಿಸಿದವನಿಗೆ ಸಿಟ್ಟೂ ಬಂತು.

“ನೀವು ಅವತ್ತೇ ನೇರವಾಗಿ ಹೇಳಬಹುದಿತ್ತಲ್ಲ?”

“ಹೇಳಬಹುದಿತ್ತು,” ಅಂದರು ಕಾಳಾಚಾರ್. “ರಿಮೋಟ್ ಆರಿದರೆ ಗಾಡಿ ನಿಲ್ಲೋ ಹಾಗೆ ಹೊಂದಿಸು ಅಂತ ಒಂದು ಮಾತು. ಅದನ್ನ ಬಿಟ್ಟು ಜಾಣತನ ತೋರಿಸಿದೆ. ಆ ಪಾಪ ನನ್ನದು. ಅದರಲ್ಲಿ ನಿನಗೆ ಪಾಲಿಲ್ಲ.”

ಗುರುಗಳು ಹೀಗೆ ತಪ್ಪು ಒಪ್ಪಿಕೊಂಡದ್ದನ್ನು ಲೋಹಿತ ಕಂಡಿರಲಿಲ್ಲ.

“ನನ್ನದನ್ನ ನಾನು ಏನು ಮಾಡಲಿ?”

“ಮಾದೇವಿಗೆ ಹೇಳು.”

ಮಾದೇವಿ ಸಾಕವ್ವನ ಒಬ್ಬಳೇ ಮಗಳು.

“ಹೇಳಿದರೆ ಅವಳ ಅವ್ವ ಎದ್ದು ಬರ್ತಾಳಾ?”

“ಇಲ್ಲ.”

“ಪೊಲೀಸರು ಬರ್ತಾರೆ.”

“ಬರ್ತಾರೆ.”

“ಊರಿನವರು ನನ್ನ ಉಳಿಸ್ತಾರಾ?”

“ಗೊತ್ತಿಲ್ಲ.”

“ಮತ್ತೆ ಸುಮ್ಮನಿದ್ದರೆ ಯಾರಿಗೆ ನಷ್ಟ ಗುರುಗಳೇ? ಜಾರಿ ಬಿದ್ದಳು ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ. ಹೋದವಳು ಹೋದಳು.”

ಕಾಳಾಚಾರ್ ಎದ್ದರು. ಅವನ ತೋಳು ಹಿಡಿದು ಹೊಳೆ ಕಡೆ ನಡೆಸಿಕೊಂಡು ಹೋದರು.

ಮಾದೇವಿ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ತೆಂಗಿನ ನಾರು ಹಿಡಿದು ಕಲ್ಲು ಉಜ್ಜುತ್ತಿದ್ದಳು. ಕಲ್ಲು ಬೆಳ್ಳಗಾಗಿತ್ತು. ಬೆರಳಿನ ಗೆಣ್ಣುಗಳ ಚರ್ಮ ಕಿತ್ತು ಬಂದಿತ್ತು. ಇವರನ್ನು ಕಂಡು ಕೈ ನಿಲ್ಲಿಸಲಿಲ್ಲ.

“ಪಾಚಿ ಉಜ್ಜೋದು ನನ್ನ ಕೆಲ್ಸ ಆಚಾರ್ರೇ. ಅವ್ವ ಹೇಳಿದ್ಲು, ನಾಳೆ ಉಜ್ತೀನಿ ಅಂದೆ. ನಾನೇ ಕೊಂದ್ಬುಟ್ಟೆ ಅವ್ಳನ್ನ.”

ಲೋಹಿತ ಗುರುಗಳ ಹಿಂದೆ ಸರಿದ. ಅವಳಿಗೆ ಕೇಳಿಸದ ಹಾಗೆ ಗುರುಗಳ ಕಿವಿಯ ಹತ್ತಿರ ಅಂದ.

“ನೀವೇ ಹೇಳಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಕಾಳಾಚಾರ್ ಅವನ ತೋಳು ಬಿಟ್ಟರು.

“ನಾನು ಅಲ್ಲಿರಲಿಲ್ಲ. ಅವಳ ಅವ್ವ ಜಾರಲಿಲ್ಲ ಅನ್ನೋದನ್ನ ಕಣ್ಣಾರೆ ಕಂಡೋನು ನೀನೊಬ್ಬನೇ. ಹೋಗು, ಮೊದಲು ಅವಳ ಕೈಲಿರೋ ಆ ನಾರು ಇಸ್ಕೋ.”